ಹಣ ಕೊಟ್ಟ ಮೇಲೂ ಕಾರಿನ ಬಾಗಿಲು ತೆರೆಯಲಿಲ್ಲ: ಗುಂಪಾಗಿ ಟ್ಯಾಕ್ಸಿ ಹತ್ತುವವರು ಓದಲೇಬೇಕು

ಗೆಳೆಯರೆಲ್ಲ ಸೇರಿ ರಾತ್ರಿ ಟ್ಯಾಕ್ಸಿ ಹತ್ತಿ, ಬಾಡಿಗೆಯನ್ನು ಪಾಲು ಹಾಕಿಕೊಳ್ಳುವ ಅಭ್ಯಾಸ ಇರುವವರು ದಯವಿಟ್ಟು ಪೂರ್ತಿ ಓದಿ. ನನಗೆ 20 ವರ್ಷ. ಹೋದ ತಿಂಗಳು ಒಂದು ರಾತ್ರಿ ಸುಮಾರು 40 ನಿಮಿಷ ನಾನೊಬ್ಬಳೇ ಲಾಕ್ ಆದ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ನಾನು ಹಣ ಕಳಿಸಿದ್ದೆ. ಚಾಲಕರು ಬಂದಿಲ್ಲ ಅನ್ನುತ್ತಿದ್ದರು. ನಾನೂ ಸುಳ್ಳು ಹೇಳುತ್ತಿರಲಿಲ್ಲ, ಅವರೂ ಸುಳ್ಳು ಹೇಳುತ್ತಿರಲಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಆಗಬಾರದ್ದೆಲ್ಲ ಆಗಿಹೋಗಿತ್ತು.

ನಾವು ನಾಲ್ವರಿದ್ದೆವು. ಕಾರು ಬುಕ್ ಮಾಡಿದ್ದು ಒಬ್ಬ ಗೆಳೆಯನ ಫೋನಿನಲ್ಲಿ, ಅವನ ಖಾತೆಯಿಂದ. ಪಾವತಿ ಎಂಬಲ್ಲಿ ನಗದು ಎಂದು ಒತ್ತಿದ್ದ. ಅವನ ಮನೆ ದಾರಿಯಲ್ಲೇ ಸಿಗುವುದರಿಂದ ಮೊದಲು ಇಳಿದವನೂ ಅವನೇ. ಮೊದಲ ತಪ್ಪು ನಡೆದದ್ದು ಇಲ್ಲಿ, ಆಗ ಯಾರಿಗೂ ಹೊಳೆಯಲಿಲ್ಲ. ಬುಕಿಂಗ್ ಅವನ ಜೊತೆ ಹೋಯಿತು, ರಸೀದಿ ಅವನ ಜೊತೆ ಹೋಯಿತು, ಕಂಪನಿಯ ಸಹಾಯವಾಣಿಗೆ ದೂರು ಕೊಡುವ ದಾರಿಯೂ ಅವನ ಜೊತೆ ಹೋಯಿತು. ಕಾರಿನಲ್ಲಿ ಉಳಿದ ನಾವು ಮೂವರು ಆ ಪ್ರಯಾಣದ ಲೆಕ್ಕದಲ್ಲಿ ಇರಲೇ ಇಲ್ಲ. ಅವನು ಮನೆ ಸೇರಿ ಫೋನ್ ಸೈಲೆಂಟ್ ಮಾಡಿ ಮಲಗಿಬಿಟ್ಟಿದ್ದ.

ಅವನು ಇಳಿದ ಮೇಲೆ ಇನ್ನೊಬ್ಬಳು ಪರಿಚಯದವರ ಮನೆಯಿಂದ ಬ್ಯಾಗ್ ತರಬೇಕೆಂದಳು. ಐದು ನಿಮಿಷ ಅಂದದ್ದು 20 ನಿಮಿಷವಾಯಿತು. ಚಾಲಕರು ಏನೂ ಅನ್ನಲಿಲ್ಲ. ವೇಟಿಂಗ್ ಎಷ್ಟಾಗುತ್ತದೆ ಎಂದು ನಾವೂ ಕೇಳಲಿಲ್ಲ. ದಾರಿ ಬದಲಾಯಿತು, ಕಿಲೋಮೀಟರ್ ಹೆಚ್ಚಾಯಿತು, ಹೊತ್ತು ಏರಿತು. ಹತ್ತುವಾಗ ಆ್ಯಪ್ ತೋರಿಸಿದ್ದು ಅಂದಾಜು ಮೊತ್ತ. ನಮ್ಮ ಮೂವರ ತಲೆಯಲ್ಲಿ ಅದೇ ಕಟ್ಟಕಡೆಯ ಮೊತ್ತವಾಗಿ ಕೂತಿತ್ತು. ಕೊನೆಯ ನಿಲ್ದಾಣದಲ್ಲಿ ಚಾಲಕರು ಫೋನ್ ತಿರುಗಿಸಿ ತೋರಿಸಿದಾಗ ಅಲ್ಲಿದ್ದ ಮೊತ್ತ ಅದರ ಒಂದೂವರೆ ಪಟ್ಟು.

"ಇಷ್ಟೆಲ್ಲ ಹೇಗಾಗುತ್ತೆ? ನಮ್ಮ ಫೋನಲ್ಲಿ ತೋರಿಸಿದ್ದೇ ಬೇರೆ" ಅಂತ ನಾವು. "ನನ್ನ ಫೋನಲ್ಲಿ ಬಂದಿದ್ದು ಇದು" ಅಂತ ಅವರು. ಟ್ಯಾಕ್ಸಿ ಮೀಟರನ್ನು ಜರ್ಮನಿಯ ಬ್ರೂನ್ ಎಂಬಾತ 1891ರಲ್ಲೇ ಕಂಡುಹಿಡಿದ. ಮೀಟರಿನ ದೊಡ್ಡ ಉಪಕಾರವೆಂದರೆ ಕೂತವರಿಗೂ ಓಡಿಸುವವರಿಗೂ ಕಾಣುವುದು ಒಂದೇ ಅಂಕಿ, ಮತ್ತು ಅದು ಕಣ್ಣೆದುರೇ ಏರುತ್ತಾ ಹೋಗುತ್ತದೆ. ನಮ್ಮ ಕಾರಿನಲ್ಲಿ ಆ ಒಂದು ಅಂಕಿ ಇರಲಿಲ್ಲ. ನಮ್ಮದು ಹೊರಡುವಾಗಿನ ಅಂದಾಜು, ಅವರದು ಮುಗಿದ ಮೇಲಿನ ಬಿಲ್ಲು. ಅದೂ ನಮ್ಮ ಕೈಯಲ್ಲಿದ್ದದ್ದು ಬರೀ ನೆನಪು, ಏಕೆಂದರೆ ಆ ಫೋನ್ ಇಳಿದುಹೋಗಿತ್ತು. ಬಿಲ್ ಬಿಡಿಸಿ ನೋಡಿದ್ದರೆ ದೂರಕ್ಕೆ ಎಷ್ಟು, ಸಮಯಕ್ಕೆ ಎಷ್ಟು, ಕಾದಿದ್ದಕ್ಕೆ ಎಷ್ಟು ಎಂದು ಬೇರೆ ಬೇರೆಯಾಗಿ ಸಿಗುತ್ತಿತ್ತು. ನಾವು ನೋಡಲಿಲ್ಲ, ಕೂಗಿದೆವು.

ಕೊನೆಗೆ ನಾನೇ ಮುಂದಾಗಿ "ನಾನು ಕಳಿಸ್ತೀನಿ, ಆಮೇಲೆ ನಿಮ್ಮ ಪಾಲು ಕೊಡಿ" ಅಂದೆ. ಮುಂದಿನ ಸೀಟಿನ ಬೆನ್ನಿಗೆ ಕ್ಯೂಆರ್ ಕೋಡಿನ ಸ್ಟಿಕ್ಕರ್ ಅಂಟಿಸಿತ್ತು. ಸ್ಕ್ಯಾನ್ ಮಾಡಿದೆ. ಒಂದು ಹೆಸರು ಬಂತು, ಓದದೆ ಮುಂದೆ ಹೋದೆ. ಅಂದಾಜಿನ ಮೊತ್ತವನ್ನಷ್ಟೇ ಹಾಕಿ ಪಿನ್ ಒತ್ತಿದೆ. ಹಸಿರು ಗುರುತು ಬಂತು. ತೋರಿಸಿದೆ.

ಚಾಲಕರು ತಮ್ಮ ಫೋನ್ ನೋಡಿಕೊಂಡರು. ಏನೂ ಬಂದಿರಲಿಲ್ಲ. ಇನ್ನೊಮ್ಮೆ ನೋಡಿದರು. ಅವರ ಮುಖ ಬದಲಾದದ್ದು ಆಗಲೇ. "ಈ ಆಟ ನನ್ನ ಹತ್ರ ಬೇಡ, ಹೋದ ವಾರವೂ ಹಿಂಗೇ ಮೂರು ಹುಡುಗರು ಹಸಿರು ಗುರುತು ತೋರಿಸಿ ಹೋದರು" ಅಂದರು. ಹಣ ಕಳಿಸದೆಯೇ ಕಳಿಸಿದಂತೆ ಪರದೆ ತೋರಿಸುವ ನಕಲಿ ಆ್ಯಪ್‌ಗಳಿವೆ. ಹಳೆಯ ಸ್ಕ್ರೀನ್‌ಶಾಟಿನ ತಾರೀಖು ತಿದ್ದಿ ತೋರಿಸುವವರೂ ಇದ್ದಾರೆ. ನಮ್ಮ ವಯಸ್ಸಿನವರೇ ಇದನ್ನು ಮಾಡುತ್ತಿದ್ದಾರೆ ಎಂದು ಬರೆಯಲು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅವರು ತಪ್ಪಿಸಿಕೊಂಡ ಒಂದು ಬಾಡಿಗೆಯ ಸಿಟ್ಟನ್ನು ಆ ರಾತ್ರಿ ಹೊತ್ತವಳು ನಾನು.

ಜೊತೆಗಿದ್ದ ಇಬ್ಬರು "ಒಂದು ಫೋನ್ ಮಾಡಿ ಬರ್ತೀವಿ" ಎಂದು ಇಳಿದರು. ತಿರುವಿನಲ್ಲಿ ಕತ್ತಲಿಗೆ ಸರಿದರು. ಬರಲೇ ಇಲ್ಲ. ಕಟಕ್ ಎಂದು ನಾಲ್ಕೂ ಬಾಗಿಲಿನ ಲಾಕ್ ಬಿತ್ತು.

ಆ ಸದ್ದು ಇನ್ನೂ ಕಿವಿಯಲ್ಲಿದೆ. ಹಿಂದಿನ ಬಾಗಿಲಿನ ಹಿಡಿ ಎಳೆದೆ, ಮಕ್ಕಳ ಸುರಕ್ಷತೆಯ ಲಾಕ್ ಹಾಕಿದ್ದರಿಂದ ಒಳಗಿನಿಂದ ತೆರೆಯಲಿಲ್ಲ. ಫೋನಿನಲ್ಲಿ 6 ಶೇಕಡಾ ಚಾರ್ಜ್. ಗಂಟೆ ಹನ್ನೆರಡು ದಾಟಿತ್ತು. ಚಾಲಕರು ನನ್ನನ್ನು ಮುಟ್ಟಲಿಲ್ಲ, ಕೆಟ್ಟ ಮಾತಾಡಲಿಲ್ಲ. "ದುಡ್ಡು ಬರೋವರೆಗೂ ಬಾಗಿಲು ತೆಗೆಯಲ್ಲ" ಎಂದಷ್ಟೇ ಹೇಳುತ್ತಿದ್ದರು. ಆದರೂ ನನ್ನ ಕೈಕಾಲು ತಣ್ಣಗಾಗಿತ್ತು. ಏನೇ ಸಿಟ್ಟಿದ್ದರೂ ಒಬ್ಬ ವ್ಯಕ್ತಿಯನ್ನು ಹೀಗೆ ಕೂಡಿಹಾಕುವುದು ತಪ್ಪು, ಬಾಕಿ ಹಣ ಅದಕ್ಕೆ ಪರವಾನಗಿ ಅಲ್ಲ. ಚಾಲಕರು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ಬೆಳಕಿರುವ, ಜನ ಓಡಾಡುವ ಜಾಗದಲ್ಲಿ ಕಾರು ನಿಲ್ಲಿಸಿ, ಬಾಗಿಲು ತೆರೆದಿಡಿ, ಪೊಲೀಸರಿಗೆ ಫೋನ್ ಮಾಡಿ. ಒಳಗೆ ಕೂತ ಹುಡುಗಿಗೆ ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ನಾನು ಅಕ್ಕನಿಗೆ ಫೋನ್ ಮಾಡಿದೆ. ಅಳು ಬರುತ್ತಿತ್ತು, ಮಾತು ಸರಿಯಾಗಿ ಹೊರಡಲಿಲ್ಲ. ಅವಳು ಮೊದಲು ಕಾರಿನ ನಂಬರ್ ಕೇಳಿ ಬರೆದುಕೊಂಡಳು, ಲೈವ್ ಲೊಕೇಶನ್ ಹಾಕಿಸಿಕೊಂಡಳು, ಫೋನನ್ನು ಸ್ಪೀಕರಿಗೆ ಹಾಕಿಸಿದಳು. ಆಮೇಲೆ ಒಂದೇ ಪ್ರಶ್ನೆ: "ದುಡ್ಡು ಯಾರ ಹೆಸರಿಗೆ ಹೋಗಿದೆ? ಜೋರಾಗಿ ಓದು."

ಓದಿದೆ. ಚಾಲಕರು ತಟ್ಟನೆ ಹಿಂದೆ ತಿರುಗಿದರು. ಅದು ಅವರ ಹೆಸರಲ್ಲ. ಅದೇ ಕಾರನ್ನು ಹಗಲು ಪಾಳಿಯಲ್ಲಿ ಓಡಿಸುವವರ ಹೆಸರು! ಸೀಟಿನ ಬೆನ್ನಿಗಿದ್ದ ಸ್ಟಿಕ್ಕರ್ ಹಗಲಿನವರದು. ರಾತ್ರಿಯವರ ಕೋಡ್ ಅವರ ಫೋನಿನೊಳಗೆ ಇತ್ತು, ನಾವು ಕೇಳಿದ್ದರೆ ತೋರಿಸುತ್ತಿದ್ದರು. ನಾವು ಕೇಳಲಿಲ್ಲ. ನಾನು ಸ್ಕ್ಯಾನ್ ಮಾಡುವಾಗ ಅವರು ಮುಂದಕ್ಕೆ ತಿರುಗಿ ಕೂತಿದ್ದರಿಂದ ಅವರೂ ನೋಡಲಿಲ್ಲ.

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ ಜಪಾನಿನಲ್ಲಿ, ವಾಹನಗಳ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ಅದು ಯಂತ್ರ ಓದುವ ಗುರುತು, ಮನುಷ್ಯರ ಕಣ್ಣಿಗೆ ಎಲ್ಲ ಚೌಕಗಳೂ ಒಂದೇ. ಸ್ಕ್ಯಾನ್ ಆದ ಮೇಲೆ ಪರದೆಯಲ್ಲಿ ಬರುವ ಹೆಸರೊಂದೇ ನಮಗೆ ಸಿಗುವ ಸುಳಿವು. ಪಾಳಿ ಬದಲಾಗುವ ಕಾರು, ಮಾಲೀಕರು ಬೇರೆ ಓಡಿಸುವವರು ಬೇರೆ ಇರುವ ಕಾರು, ಹಳೆಯ ಸ್ಟಿಕ್ಕರಿನ ಮೇಲೆ ಯಾರೋ ತಮ್ಮದನ್ನು ಅಂಟಿಸಿಹೋದ ಕಾರು, ಹೀಗೆ ಎಷ್ಟೋ ಇವೆ. ಹೆಸರು ಬೇರೆ ಬಂದರೆ ಅದು ಮೋಸವೇ ಆಗಿರಬೇಕಿಲ್ಲ, ಹೆಂಡತಿಯದೋ ಮಾಲೀಕರದೋ ಖಾತೆ ಇರಬಹುದು. ಆದರೆ ಪಿನ್ ಒತ್ತುವ ಮುಂಚೆ ಬಾಯಿಬಿಟ್ಟು ಕೇಳಿ: "ಇಂಥವರ ಹೆಸರು ಬರ್ತಿದೆ, ಇದು ನಿಮ್ಮದೇನಾ?" ಆ ಐದು ಸೆಕೆಂಡು ನಾನು ಉಳಿಸಲು ಹೋಗಿ 40 ನಿಮಿಷ ಕೂತೆ.

ಹಗಲಿನವರು ಮೂರನೇ ಸಲಕ್ಕೆ ಫೋನ್ ಎತ್ತಿದರು. ನಿದ್ದೆಗಣ್ಣಿನಲ್ಲೇ ನೋಡಿ, ಹೌದು ಬಂದಿದೆ, ಬೆಳಿಗ್ಗೆ ನೋಡೋಣ ಅಂದರು. ನನ್ನೆದುರು ಇದ್ದವರಿಗೆ ಅದರಿಂದ ಏನೂ ಸಿಗಲಿಲ್ಲ. ಅಕ್ಕ ಅವರ ಕೋಡ್ ತರಿಸಿಕೊಂಡು, ಹೆಸರು ಓದಿ ಖಚಿತಪಡಿಸಿಕೊಂಡು, ವೇಟಿಂಗ್ ಸೇರಿಸಿ ಪೂರ್ತಿ ಮೊತ್ತ ಕಳಿಸಿದಳು. ಅವರ ಫೋನ್ ಸದ್ದು ಮಾಡಿತು. ಲಾಕ್ ತೆರೆಯಿತು.

ಇಳಿಯುವಾಗ ಅವರು ಒಂದು ಮಾತು ಹೇಳಿದರು. ನಗದು ಪ್ರಯಾಣದಲ್ಲಿ ಪ್ರಯಾಣಿಕರು ಕೊಡದೆ ಹೋದರೂ ಕಂಪನಿ ತನ್ನ ಕಮಿಷನ್ನನ್ನು ಅವರ ಲೆಕ್ಕದಿಂದ ಮುರಿದುಕೊಳ್ಳುತ್ತದಂತೆ, ಇಂಧನ ಹೋದದ್ದು ಹೋಯಿತು, ಕಾರಿನ ಮಾಲೀಕರಿಗೆ ದಿನದ ಬಾಡಿಗೆ ಕಟ್ಟಲೇಬೇಕಂತೆ. ನಾವು ಚೌಕಾಸಿ ಮಾಡುತ್ತಿದ್ದದ್ದು ಕಂಪನಿಯ ಜೊತೆ ಎಂದು ನಮಗನ್ನಿಸಿತ್ತು. ಅದು ಕಳೆಯುತ್ತಿದ್ದದ್ದು ಅವರ ರಾತ್ರಿಯ ಗಳಿಕೆಯಿಂದ.

ಇನ್ನೂ ಮುಗಿಯಲಿಲ್ಲ. ಜಗಳದ ನಡುವೆ ಅವರು ಆ್ಯಪಿನಲ್ಲಿ "ಪ್ರಯಾಣಿಕರು ಹಣ ಕೊಟ್ಟಿಲ್ಲ" ಎಂದು ಒತ್ತಿದ್ದರು. ಮರುದಿನ, ಮನೆಯಲ್ಲಿ ಮಲಗಿದ್ದ ಆ ಗೆಳೆಯನ ಖಾತೆಯಲ್ಲಿ ಬಾಕಿ ಕಾಣಿಸಿತು, ಅದನ್ನು ಕಟ್ಟುವವರೆಗೂ ಬುಕಿಂಗ್ ಬಂದ್. ಏನೂ ಮಾಡದವನು ಬಾಕಿದಾರನಾದ. ನಾನು ದೂರು ಕೊಡಲು ಹೋದರೆ ಬುಕ್ ಮಾಡಿದವರೇ ಬರೆಯಬೇಕು ಅಂದರು. ಅವನು ಬರೆದರೆ, ಆ್ಯಪಿನ ಹೊರಗೆ ನಡೆದ ಪಾವತಿಗೆ ನಾವು ಹೊಣೆಯಲ್ಲ ಎಂಬ ಸಿದ್ಧ ಉತ್ತರ. ನಾಲ್ಕು ದಿನ ಓಡಾಡಿದ ಮೇಲೆ ಕೆಲಸಕ್ಕೆ ಬಂದದ್ದು ಅಕ್ಕನ ಪಾವತಿಯ ವಹಿವಾಟು ಸಂಖ್ಯೆ. ಸ್ಕ್ರೀನ್‌ಶಾಟಿಗೆ ಅವರು ಬೆಲೆ ಕೊಡಲಿಲ್ಲ, ಆ ಸಂಖ್ಯೆಗೆ ಕೊಟ್ಟರು. ಅದನ್ನು ಅಳಿಸಬೇಡಿ.

ಓಡಿಹೋದ ಇಬ್ಬರಿಗೂ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಬಾಡಿಗೆ ಕೊಡದೆ ಜಾರಿಕೊಳ್ಳುವುದನ್ನು ಹುಡುಗಾಟ ಅಂದುಕೊಳ್ಳಬೇಡಿ. ಎಷ್ಟೋ ದೇಶಗಳಲ್ಲಿ ಅದು ಅಪರಾಧ. ಇಂಗ್ಲೆಂಡಿನ 1978ರ ಕಳ್ಳತನ ಕಾಯ್ದೆಯಲ್ಲಿ ಹಣ ಕೊಡದೆ ಜಾಗ ಬಿಡುವುದಕ್ಕೆಂದೇ ಪ್ರತ್ಯೇಕ ಸೆಕ್ಷನ್ ಇದೆ. ಕಾನೂನು ಹಾಗಿರಲಿ, ಒಳಗೆ ಉಳಿದವಳ ಗತಿ ಏನೆಂದು ಒಮ್ಮೆ ಯೋಚಿಸಿದ್ದರೆ ಸಾಕಿತ್ತು. ಒಬ್ಬಳು ಅತ್ತು ಕ್ಷಮೆ ಕೇಳಿ ತನ್ನ ಪಾಲು ಕೊಟ್ಟಳು. ಇನ್ನೊಬ್ಬ ಈಗಲೂ ಮಾತಾಡುತ್ತಿಲ್ಲ.

ಈಗ ನಾವು ಮಾಡುತ್ತಿರುವುದು ಇಷ್ಟು. ಯಾರ ಫೋನಿನಲ್ಲಿ ಬುಕ್ ಆಗಿದೆಯೋ ಅವರು ಕೊನೆಗೆ ಇಳಿಯಬೇಕು. ಅದು ಆಗದಿದ್ದರೆ ಅಲ್ಲಿಗೆ ಆ ಪ್ರಯಾಣ ಮುಗಿಸಿ, ಹಣ ಕೊಟ್ಟು, ಮುಂದಿನದನ್ನು ಬೇರೆಯವರ ಹೆಸರಿನಲ್ಲಿ ಹೊಸದಾಗಿ ಬುಕ್ ಮಾಡುತ್ತೇವೆ. ದಾರಿ ಬದಲಿಸುವ ಮುಂಚೆ, ಕಾಯಲು ಹೇಳುವ ಮುಂಚೆ ಎಷ್ಟು ಹೆಚ್ಚಾಗುತ್ತದೆ ಎಂದು ಕೇಳುತ್ತೇವೆ. ಎಲ್ಲರ ಪಾಲೂ ಹತ್ತುವ ಮೊದಲೇ ಒಬ್ಬರ ಕೈಗೆ ಬರಬೇಕು. ಪರ್ಸಿನ ಒಳಜೇಬಿನಲ್ಲಿ ಒಂದು ಬಾಡಿಗೆಗೆ ಸಾಕಾಗುವಷ್ಟು ನಗದು ಇಟ್ಟಿದ್ದೇನೆ, ಅದನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಚಾಲಕರ ಫೋನಿನಲ್ಲಿ ಹಣ ಬಂದ ಸದ್ದು ಕೇಳಿದ ಮೇಲೆಯೇ ಎಲ್ಲರೂ ಒಟ್ಟಿಗೆ ಇಳಿಯುತ್ತೇವೆ. ನಮ್ಮ ಖಾತೆಯಿಂದ ಕಡಿತವಾಗಿಯೂ ಅವರಿಗೆ ತಲುಪದೆ ನಡುವೆ ಸಿಕ್ಕಿಕೊಂಡರೆ ತಕ್ಷಣ ಎರಡನೇ ಸಲ ಕಳಿಸುವುದಿಲ್ಲ. ವಹಿವಾಟಿನ ಸ್ಥಿತಿ ನೋಡುತ್ತೇವೆ, ಅದು ಬಾಕಿ ಎಂದೇ ತೋರಿಸಿದರೆ ಆ ನಗದು ಕೊಟ್ಟು, ಇಬ್ಬರೂ ನಂಬರ್ ಬರೆದುಕೊಳ್ಳುತ್ತೇವೆ. ಯಾರಾದರೂ "ವಾಪಸ್ ಹಾಕ್ತೀನಿ, ಪಿನ್ ಒತ್ತಿ" ಅಂದರೆ ಒತ್ತಬೇಡಿ, ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ.

ಹಗಲಿನ ಚಾಲಕರು ಮೂರನೇ ದಿನ ನನ್ನ ಹಣ ಹಿಂದಿರುಗಿಸಿದರು. ರಾತ್ರಿಯವರು ಫೋನ್ ಮಾಡಿ, ಲಾಕ್ ಹಾಕಿದ್ದು ತಪ್ಪಾಯಿತಮ್ಮ ಅಂದರು. ನಾನು ಸ್ಟಿಕ್ಕರ್ ವಿಚಾರ ಕೇಳಿದೆ. ಈಗ ಸೀಟಿನ ಬೆನ್ನಿಗೆ ಎರಡು ಅಂಟಿಸಿದ್ದಾರಂತೆ, ಹಗಲಿನದೊಂದು, ರಾತ್ರಿಯದೊಂದು. ಯಾವುದು ಯಾರದೆಂದು ಮೇಲೆ ಬರೆದಿದ್ದೀರಾ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇವತ್ತೇ ಬರೆಸುತ್ತೇನೆ ಅಂದರು.