ಸಿಟಿ ಆಂಜಿಯೋ ಚೆನ್ನಾಗಿ ಮಾಡಿದರು, ರಕ್ತನಾಳದ ಗೋಡೆಯ ವಿಷಯ ಬರೆಯಲಿಲ್ಲ

ಏಪ್ರಿಲ್ ಬಿಸಿಲು ಏರುವ ಮುಂಚೆಯೇ ಮನೆಯವರನ್ನು ಕರೆದುಕೊಂಡು ಸೇಡಂ ರಸ್ತೆ ಕಡೆಯ ಒಂದು ಸ್ಕ್ಯಾನ್ ಸೆಂಟರಿಗೆ ಹೋದೆ. ಹೃದಯದ ಸಿಟಿ ಆಂಜಿಯೋಗ್ರಾಂ, ಅಂದರೆ ಡೈ ಹಾಕಿ ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಸ್ಕ್ಯಾನ್, ಮಾಡಿಸಬೇಕಿತ್ತು. ಅವರಿಗೆ 54 ವರ್ಷ. ದಾಲ್ ಮಿಲ್ಲಿನಲ್ಲಿ ಕೆಲಸ, ಹತ್ತು ವರ್ಷದಿಂದ ಶುಗರ್, ದಿನಕ್ಕೊಂದು ಕಟ್ಟು ಬೀಡಿ. ಹೋದ ವರ್ಷ ಬೇರೆ ಕಡೆ ಟ್ರೆಡ್‌ಮಿಲ್ ಟೆಸ್ಟ್ ಮಾಡಿ ನಾರ್ಮಲ್ ಅಂದಿದ್ದರು. ಅವರ ಜೊತೆ ಕೆಲಸ ಮಾಡುವವರಿಗೂ ಹಾಗೇ ಅಂದಿದ್ದರು. ಎರಡೇ ತಿಂಗಳಿಗೆ ಆ ಜೊತೆಗಾರರಿಗೆ ಹಾರ್ಟ್ ಅಟ್ಯಾಕ್ ಆಯಿತು. ಆವತ್ತಿನಿಂದ ನನಗೆ ನಿದ್ದೆ ಇಲ್ಲ.

ಸ್ಕ್ಯಾನ್ ಕೆಲಸ ಅಚ್ಚುಕಟ್ಟು. ಮೊದಲು ಕಿಡ್ನಿ ಸರಿ ಇದೆಯಾ ಎಂದು ರಕ್ತದಲ್ಲಿ ಕ್ರಿಯಾಟಿನಿನ್ ನೋಡಿದರು. ನಾಡಿ 84 ಇತ್ತು, ಗುಳಿಗೆ ಕೊಟ್ಟು 60ರ ಹತ್ತಿರ ಇಳಿಯುವ ತನಕ ಕೂರಿಸಿದರು. ಹೃದಯ ಜೋರಾಗಿ ಬಡಿದರೆ ಚಿತ್ರ ಅಲುಗುತ್ತದಂತೆ. ಡೈ ಹೋಗುವಾಗ ಮೈಯೆಲ್ಲ ಬಿಸಿಯಾಗುತ್ತದೆ ಎಂದು ಟೆಕ್ನಿಷಿಯನ್ ಹುಡುಗಿ ಮೊದಲೇ ಹೇಳಿದ್ದಳು, ಇವರು ಹೆದರಲಿಲ್ಲ. ಆದರೆ ಆಮೇಲೆ ನೀರು ಜಾಸ್ತಿ ಕುಡಿಯಿರಿ ಅನ್ನುವವರು ಕುಡಿಯುವ ನೀರನ್ನು ಕೆಳಮಹಡಿಯಲ್ಲಿ ಇಟ್ಟಿದ್ದಾರೆ.

ಸಂಜೆ ರಿಪೋರ್ಟ್ ಬಂತು. ಒಂದು ನಾಳ ಶೇ 30ರಷ್ಟು ಕಿರಿದು, ದೊಡ್ಡ ಅಡಚಣೆ ಇಲ್ಲ. ಅಷ್ಟೇ. "ಏನಿಲ್ಲಮ್ಮ, ಹೋಗಿ" ಅಂದರು ಕೌಂಟರಿನಲ್ಲಿ. ನಾನು ಕದಲಲಿಲ್ಲ. ರಿಪೋರ್ಟ್ ಬರೆದ ಡಾಕ್ಟರನ್ನೇ ನೋಡಬೇಕು ಅಂದೆ.

ಅವರು ಒಳಗೆ ಕರೆದು, ಇಪ್ಪತ್ತು ನಿಮಿಷ ಕಂಪ್ಯೂಟರಿನಲ್ಲಿ ತೋರಿಸಿದರು. ಕೊಬ್ಬು ಪೈಪಿನಲ್ಲಿ ಕೆಸರು ಕೂತ ಹಾಗೆ ಕೂರುವುದಿಲ್ಲ, ನಾಳದ ಗೋಡೆಯೊಳಗೇ ಸೇರುತ್ತದೆ. ಗೋಡೆ ಮೊದಲು ಹೊರಕ್ಕೆ ಉಬ್ಬುತ್ತದೆ. ಹಾಗಾಗಿ ರಕ್ತದ ದಾರಿ ಬಹಳ ದಿನ ಅಷ್ಟೇ ಅಗಲ ಇರುತ್ತದೆ. ಗೋಡೆ ಸುತ್ತುವರಿದ ಒಟ್ಟು ಜಾಗದಲ್ಲಿ ಸುಮಾರು ಶೇ 40 ಕೊಬ್ಬು ತುಂಬುವ ತನಕ ದಾರಿ ಅಷ್ಟಾಗಿ ಕಿರಿದಾಗುವುದಿಲ್ಲ ಎಂದು 1987ರಲ್ಲೇ ಗ್ಲಾಗೋವ್ ಎಂಬ ಅಮೆರಿಕದ ಡಾಕ್ಟರು ತೋರಿಸಿದ್ದರಂತೆ. ಟ್ರೆಡ್‌ಮಿಲ್ ಟೆಸ್ಟಿಗೆ ಸಿಗುವುದು ದಾರಿಯ ತೊಂದರೆ. ಗೋಡೆ ಅದಕ್ಕೆ ಕಾಣುವುದಿಲ್ಲ.

ನಾನು ರೊಟ್ಟಿ ಕೇಂದ್ರ ನಡೆಸುವವಳು, ಹಬ್ಬಕ್ಕೆ ಹೋಳಿಗೆಯನ್ನೂ ಮಾಡಿಕೊಡುತ್ತೇನೆ. "ಒಳಗೆ ಮೆತ್ತನೆ ಕೊಬ್ಬು, ಮೇಲೆ ತೆಳು ಪೊರೆ" ಎಂದು ಅವರು ಅಂದಾಗ ಥಟ್ಟನೆ ಹೊಳೆಯಿತು. ಹೂರಣ ಜಾಸ್ತಿಯಾಗಿ ಕಣಕ ತೆಳುವಾದರೆ ಹೋಳಿಗೆ ಹಂಚಿನ ಮೇಲೆ ಒಡೆಯುತ್ತದೆ, ಅಲ್ವಾ? ಅದೇ, ಅಂದರು. ಗೋಡೆಯೊಳಗಿನ ಈ ಕೊಬ್ಬಿನ ಗಂಟಿಗೆ ಪ್ಲಾಕ್ ಅನ್ನುತ್ತಾರೆ. ಒಡೆಯುವಂಥ ಪ್ಲಾಕಿನ ಪೊರೆ 65 ಮೈಕ್ರಾನ್‌ಗಿಂತ ತೆಳು (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಉರಿಯೂತದ ಕಣಗಳು ಅದನ್ನು ಇನ್ನೂ ಸವೆಸುತ್ತವೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ, ನಿನ್ನೆ ತನಕ ತೆರೆದಿದ್ದ ದಾರಿ ಒಮ್ಮೆಲೇ ಮುಚ್ಚಬಹುದು.

ಪೊರೆಯ ದಪ್ಪ ಸಿಟಿಯಲ್ಲಿ ಕಾಣುವುದಿಲ್ಲ ಎಂದು ಅವರೇ ಒಪ್ಪಿದರು. ಕಾಣುವುದು ಗುರುತುಗಳು: ಹೊರಕ್ಕೆ ಉಬ್ಬಿದ ಗೋಡೆ, 30 ಹೌನ್ಸ್‌ಫೀಲ್ಡ್‌ಗಿಂತ (ಸಿಟಿಯಲ್ಲಿ ಸಾಂದ್ರತೆ ಅಳೆಯುವ ಲೆಕ್ಕ) ಕಡಿಮೆ ತೋರುವ ಮೆತ್ತನೆ ಕೊಬ್ಬು, ಚುಕ್ಕಿ ಚುಕ್ಕಿ ಸುಣ್ಣ (ಕ್ಯಾಲ್ಸಿಯಂ). ನಮ್ಮವರಿಗೆ ಮೊದಲಿನ ಎರಡೂ ಇದ್ದವು. ಇಷ್ಟು ದೊಡ್ಡ ವಿಷಯ ರಿಪೋರ್ಟಿನಲ್ಲಿ ಒಂದು ಸಾಲೂ ಇರಲಿಲ್ಲ! ನಾನು ಸುಮ್ನೆ ಮನೆಗೆ ಬಂದಿದ್ದರೆ? ಕೇಳಿದ ಮೇಲೆ ಹೊಸದಾಗಿ ಬರೆದುಕೊಟ್ಟರು.

ಆ ಕಾಗದ ನೋಡಿ ಹೃದಯದ ಡಾಕ್ಟರು ಸ್ಟೆಂಟ್ ಬೇಡ ಅಂದರು. ಸ್ಟ್ಯಾಟಿನ್ ಗುಳಿಗೆ ಶುರು ಮಾಡಿದರು. ಅದು ಕೊಬ್ಬು ಇಳಿಸಿ ಪೊರೆಯನ್ನು ದಪ್ಪ ಮಾಡುತ್ತದಂತೆ. ಬೀಡಿ ಬಿಟ್ಟು ಐದು ವಾರ ಆಯಿತು.

ಸ್ಕ್ಯಾನಿಗೆ ಐದಕ್ಕೆ ಐದು, ಆ ಡಾಕ್ಟರಿಗೂ ಐದು. ಮೊದಲ ರಿಪೋರ್ಟಿಗೆ ಎರಡು. ಎಲ್ಲೇ ಮಾಡಿಸಿದರೂ ಗೋಡೆಯ ವಿಷಯವನ್ನೂ ಬರೆಯಬೇಕು ಎಂದು ದುಡ್ಡು ಕಟ್ಟುವಾಗಲೇ ಹೇಳಿ. ನೀರಿನ ಬಾಟಲಿ ತೆಗೆದುಕೊಂಡು ಹೋಗಿ.