ನಮ್ಮ ಕಡೆಯವನು ಅಂತ ನಂಬಿ ಸಿಂಕ್ ಹಾಕಿಸಿದೆ: ಪುಣೆಯಲ್ಲಿರುವ ಕನ್ನಡದವರು ದಯವಿಟ್ಟು ಓದಿ

ಪುಣೆಯಲ್ಲಿರುವ ಕನ್ನಡದವರು, ಅದರಲ್ಲೂ ಸಿಂಹಗಡ ರಸ್ತೆ, ಧಾಯರಿ, ವಡಗಾಂವ್ ಕಡೆಯವರು, ಮನೆಯಲ್ಲಿ ಸಿಂಕ್ ಮತ್ತು ಅದರ ಕೆಳಗಿನ ಕಪಾಟು ಬದಲಿಸುವ ಯೋಚನೆಯಲ್ಲಿದ್ದರೆ ಇದನ್ನು ಪೂರ್ತಿ ಓದಿ. ನನ್ನ 38,000 ರೂಪಾಯಿ ಹೋಯಿತು. ದುಡ್ಡು ಹೋದರೆ ಹೋಗಲಿ, ಮತ್ತೆ ದುಡಿಯಬಹುದು. ಒಂಬತ್ತು ಗಣಪತಿ ಒಂದೇ ರಾತ್ರಿಯಲ್ಲಿ ಕರಗಿ ಹೋದವು. ಅದನ್ನು ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತದೆ.

ನಾನು ಧಾರವಾಡದವಳು. ಪುಣೆಗೆ ಬಂದು 22 ವರ್ಷ ಆಯಿತು. ಮನೆಯ ಹಿಂದೆ ಒಂದು ತಗಡಿನ ಶೆಡ್ ಇದೆ, ಅಲ್ಲಿ ಶಾಡು ಮಣ್ಣಿನ, ಅಂದರೆ ನಯವಾದ ಜೇಡಿಮಣ್ಣಿನ, ಗಣಪತಿ ಮಾಡುತ್ತೇನೆ. ವರ್ಷಕ್ಕೆ ಮೂವತ್ತು, ಮೂವತ್ತೈದು. ಎಲ್ಲ ಗುರುತಿನವರದೇ ಆರ್ಡರ್. ಅಲ್ಲಿದ್ದ ಹಳೆಯ ಸಿಂಕನ್ನು ಯಜಮಾನರು ಹಳೆ ಸಾಮಾನು ಮಾರುವ ಜೂನಾ ಬಜಾರಿನಿಂದ ತಂದಿದ್ದರು. ಯಾವುದೋ ಕ್ಯಾಂಟೀನಿನದು. ದಪ್ಪ ಸ್ಟೀಲು, ಒಂದಡಿ ಆಳ. ಇಬ್ಬರು ಹಿಡಿದು ಎತ್ತಬೇಕು. ಎರಡು ಹಿತ್ತಾಳೆ ನಲ್ಲಿ. ಸಿಂಕಿನ ನೀರು ನೇರವಾಗಿ ಗಟಾರಕ್ಕೆ ಹೋಗುತ್ತಿರಲಿಲ್ಲ. ಕೆಳಗೆ ಒಂದು ದೊಡ್ಡ ಬಕೆಟ್ಟಿಗೆ ಬೀಳುತ್ತಿತ್ತು, ಮಣ್ಣು ತಳಕ್ಕೆ ಕೂರುತ್ತಿತ್ತು, ಮೇಲಿನ ತಿಳಿನೀರು ಮಾತ್ರ ಪೈಪಿಗೆ ಹೋಗುತ್ತಿತ್ತು. ಮಣ್ಣಿನ ಕೆಲಸ ಮಾಡುವವರಿಗೆ ಇದು ಗೊತ್ತು. ಶಾಡು ಮಣ್ಣು ಪೈಪಿನೊಳಗೆ ಕೂತು ಒಣಗಿದರೆ ಬಿಡಿಸುವುದು ಬಹಳ ಕಷ್ಟ. ಅಚ್ಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿದ ಪಾತ್ರೆ ತೊಳೆದ ನೀರಂತೂ ಪೈಪಿನಲ್ಲೇ ಕಲ್ಲಾಗುತ್ತದೆ.

2025ರಲ್ಲಿ ಸಿಂಕಿನ ಮೂಲೆಯ ವೆಲ್ಡಿಂಗ್ ಬಿಟ್ಟು ನೀರು ಸೋರತೊಡಗಿತು. ಕೆಳಗಿನ ಪ್ಲೈವುಡ್ ಕಪಾಟಿಗೆ ಗೆದ್ದಲು ಹಿಡಿದಿತ್ತು. ಎಲ್ಲ ತೆಗೆಸಿ ಹೊಸದು ಹಾಕಿಸೋಣ ಅಂದುಕೊಂಡೆ.

ಆಗ ಪಕ್ಕದ ಓಣಿಯಲ್ಲಿ ಅಡುಗೆಮನೆ ಕೆಲಸ ನಡೆಸುತ್ತಿದ್ದ ಒಬ್ಬ ಗುತ್ತಿಗೆದಾರ ಸಿಕ್ಕ. ಮೊದಲು ಮರಾಠಿಯಲ್ಲೇ ಮಾತು ಶುರುವಾಯಿತು. ನಾನು ಯಜಮಾನರ ಜೊತೆ ಕನ್ನಡದಲ್ಲಿ ಏನೋ ಅಂದೆ ನೋಡಿ, ಅವನ ಮುಖ ಅರಳಿತು. "ಅಕ್ಕಾರ, ನೀವು ನಮ್ಮ ಕಡೆಯವರೇನ್ರಿ? ನಾನೂ ಅಥಣಿ ಕಡೆಯಂವ ರೀ" ಅಂದ. ಚಹಾ ಕೊಟ್ಟೆ. ಊರಿನ ಮಾತು ಆಯಿತು. ಜೋಳದ ರೊಟ್ಟಿ ಕಟ್ಟಿಕೊಟ್ಟೆ. ಹೌದು, ರೊಟ್ಟಿ ಕಟ್ಟಿಕೊಟ್ಟೆ! ಬೇರೆ ಯಾರೇ ಆಗಿದ್ದರೂ ಇನ್ನೊಬ್ಬರ ಹತ್ತಿರ ರೇಟ್ ಕೇಳುತ್ತಿದ್ದೆ. ಇವನ ವಿಷಯದಲ್ಲಿ ಕೇಳಲಿಲ್ಲ.

ಲೆಕ್ಕ ಹೀಗೆ ಹೇಳಿದ: ಸಿಂಕು 9,500, ಕಪಾಟು 19,000, ಪ್ಲಂಬಿಂಗ್ 6,000, ಕೂಲಿ ಮತ್ತು ರಾಡಾರೋಡಾ (ಒಡೆದು ತೆಗೆದ ಕಸ) ಎತ್ತಿಸುವುದಕ್ಕೆ 3,500. ನಾನು ಮೂರು ವಿಷಯ ಸ್ಪಷ್ಟವಾಗಿ ಹೇಳಿದ್ದೆ. ಸಿಂಕು ಬೇಗ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲು, 18 ಗೇಜ್ ದಪ್ಪ ಇರಬೇಕು. ಕಪಾಟು ಪೂರ್ತಿ 710 ಮರೈನ್ ಪ್ಲೈನದ್ದಾಗಬೇಕು (ನೀರು ತಡೆಯುವ ಪ್ಲೈವುಡ್), ಏಕೆಂದರೆ ಅಲ್ಲಿ ದಿನಾ ನೀರು. ಮಣ್ಣು ಕೂರುವ ಬಕೆಟ್ ವ್ಯವಸ್ಥೆ ಹಾಗೇ ಉಳಿಯಬೇಕು. ಮೂರಕ್ಕೂ "ಆಯ್ತ್ರಿ ಅಕ್ಕಾರ" ಅಂದ. 25,000 ಮುಂಗಡ ಯುಪಿಐ ಮಾಡಿದೆ. ಬರೆದುಕೊಟ್ಟ ಚೀಟಿಯಲ್ಲಿ "ಸಿಂಕ್, ಕಪಾಟು, ಲೇಬರ್" ಅಂತ ಇತ್ತು, ಅಷ್ಟೇ. ಪಕ್ಕಾ ಬಿಲ್ ಕೇಳಿದ್ದಕ್ಕೆ "ಬಿಲ್ ಅಂದ್ರ 18 ಪರ್ಸೆಂಟ್ ಜಿಎಸ್‌ಟಿ ಬೀಳತೈತ್ರಿ, ನಮ್ಮ ನಮ್ಮೊಳಗ ಯಾಕ್ರಿ ಅದು" ಅಂದ. ಸರಿ ಅಂದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಮೋಸ ಹೋದದ್ದು ಇಲ್ಲೇ.

ಸಿಂಕು ತಂದ ದಿನ ನಾನೇ ಕೇಳಿದೆ, ಇದು 304 ಅಂತ ಹೇಗೆ ನಂಬಲಿ ಅಂತ. ಅವನು ಸ್ವಲ್ಪವೂ ಬೇಜಾರು ಮಾಡಿಕೊಳ್ಳಲಿಲ್ಲ. ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ನನ್ನ ಕೈಯಲ್ಲೇ ಇಟ್ಟ. "ನೀವ ಹಚ್ಚಿ ನೋಡ್ರಿ" ಅಂದ. ನಾನು ಸಿಂಕಿನ ಅಂಚಿಗೆ ಹಚ್ಚಿದೆ, ತಳಕ್ಕೆ ಹಚ್ಚಿದೆ, ಮೂಲೆಗೆ ಹಚ್ಚಿದೆ. ಎಲ್ಲೂ ಅಂಟಲಿಲ್ಲ. "ಡುಪ್ಲಿಕೇಟ್ ಇದ್ರ ಅಂಟಕೋತಿತ್ರಿ" ಅಂದ. ನನಗೆ ಖುಷಿಯಾಯಿತು. ಯಜಮಾನರನ್ನು ಕರೆದು ಅವರಿಗೂ ತೋರಿಸಿದೆ, ನೋಡಿ, ಅಂಟುವುದಿಲ್ಲ, ಒರಿಜಿನಲ್ಲು ಅಂತ. ಸಂಜೆ ಪಕ್ಕದ ಮನೆಯವರಿಗೂ ಹೇಳಿದೆ. ಆ ಅಯಸ್ಕಾಂತ ನನ್ನ ಕೈಯಲ್ಲಿತ್ತು, ಪರೀಕ್ಷೆ ಮಾಡಿದವಳು ನಾನು. ಅದಕ್ಕೇ ಅನುಮಾನ ಬರಲಿಲ್ಲ. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಆಮೇಲೆ ಗೊತ್ತಾಯಿತು. 304ಕ್ಕೆ ಸಾಮಾನ್ಯವಾಗಿ ಅಯಸ್ಕಾಂತ ಅಂಟುವುದಿಲ್ಲ, ನಿಜ. ಆದರೆ ಅಗ್ಗದ 202 ಸ್ಟೀಲಿಗೂ ಅಂಟುವುದಿಲ್ಲ! 304ರಲ್ಲಿ ಸುಮಾರು 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ. ನೋಡೋಕೆ ಎರಡೂ ಒಂದೇ ಥರ ಹೊಳೆಯುತ್ತವೆ. ಸದಾ ಒದ್ದೆ ಇರುವ ಜಾಗದಲ್ಲಿ 202 ಬೇಗ ತುಕ್ಕು ಹಿಡಿಯುತ್ತದೆ. ಅಯಸ್ಕಾಂತದಿಂದ ಈ ಎರಡರ ವ್ಯತ್ಯಾಸ ತಿಳಿಯುವುದೇ ಇಲ್ಲ. ಅವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಇಲ್ಲದಿದ್ದರೆ ಯಾರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಓಡಾಡುತ್ತಾರೆ ಹೇಳಿ?

ಕಪಾಟಿನಲ್ಲೂ ಇದೇ ಆಟ. ಬಾಗಿಲಿನ ಹಲಗೆ ಕತ್ತರಿಸುವಾಗ ನನ್ನನ್ನು ಕರೆದು ಅದರ ಮೇಲಿನ 710 ಮುದ್ರೆ ತೋರಿಸಿದ. ಫೋಟೋ ತೆಗೆದುಕೊಳ್ಳಿ ಅಂದ. ತೆಗೆದುಕೊಂಡೆ. ಒಳಗಿನ ಪೆಟ್ಟಿಗೆ, ಅಂದರೆ ತಳ, ಪಕ್ಕ, ಬೆನ್ನು, ಎಲ್ಲ ಹೊರಗೆ ಎಲ್ಲೋ ಮಾಡಿಸಿ ಲ್ಯಾಮಿನೇಟ್ ಅಂಟಿಸಿಯೇ ತಂದಿದ್ದ. ಅದರ ಒಳಗೆ ಏನಿದೆ ಅಂತ ನಾನು ನೋಡಲಿಲ್ಲ. ಅವನು ತೋರಿಸಿದ್ದನ್ನಷ್ಟೇ ನೋಡಿದೆ.

ಜೂನ್ ಕೊನೆಗೆ ಕೆಲಸ ಮುಗಿಯಿತು. ಉಳಿದ 13,000 ಕೊಟ್ಟೆ. ಹಳೆಯ ಸಿಂಕು, ಎರಡು ಹಿತ್ತಾಳೆ ನಲ್ಲಿ, ಎಲ್ಲವನ್ನೂ ರಾಡಾರೋಡಾ ಜೊತೆ ಟೆಂಪೋಗೆ ಹಾಕಿಕೊಂಡು ಹೋದ. ಗುಜರಿಯವನಿಗೆ ಕೊಟ್ಟಿದ್ದರೆ ಆ ಹಿತ್ತಾಳೆಗೇ ಒಳ್ಳೆಯ ದುಡ್ಡು ಬರುತ್ತಿತ್ತು. ಅದನ್ನು ಎತ್ತಿಕೊಂಡು ಹೋಗಲು ನಾನೇ ಅವನಿಗೆ ದುಡ್ಡು ಕೊಟ್ಟೆ.

ಎರಡು ವಾರಕ್ಕೆ ಸಿಂಕು ಕಟ್ಟಿಕೊಂಡಿತು. ಬಗ್ಗಿ ನೋಡಿದರೆ ಬಕೆಟ್ ವ್ಯವಸ್ಥೆಯೇ ಇಲ್ಲ. ಸುರುಳಿ ಸುರುಳಿ ಇರುವ ಪ್ಲಾಸ್ಟಿಕ್ ಪೈಪನ್ನು ನೇರ ಹೊರಗಿನ ಚೇಂಬರಿಗೆ ಸಿಕ್ಕಿಸಿದ್ದ. ಆ ಸುರುಳಿಯ ಒಂದೊಂದು ಮಡಿಕೆಯಲ್ಲೂ ಮಣ್ಣು ಕೂತಿತ್ತು. ಫೋನ್ ಮಾಡಿದೆ. ಅವನ ಉತ್ತರ ಕೇಳಿ: "ಅಕ್ಕಾರ, ನೀವು ಮಣ್ಣು ತೊಳಿತೀವಿ ಅಂತ ಹೇಳಿರಲಿಲ್ಲಲ್ರಿ."

ಸುತ್ತ ಇಪ್ಪತ್ತು ಗಣಪತಿ ಇಟ್ಟಿದ್ದ ಶೆಡ್ಡಿನಲ್ಲಿ ನಿಂತು ಅಳತೆ ತೆಗೆದುಕೊಂಡವನು ಈ ಮಾತು ಹೇಳಿದ.

ಅದೇ ಹೊತ್ತಿಗೆ ಸಿಂಕಿನಲ್ಲಿ ಕಂದು ಚುಕ್ಕಿ ಕಾಣಿಸಿದವು. ಫೋಟೋ ಕಳಿಸಿದೆ. ಮೊದಲು "ನಿಮ್ಮ ಬೋರ್ ನೀರಿಂದು ಅದು" ಅಂದ. ನಮ್ಮಲ್ಲಿ ಬೋರ್ ಇಲ್ಲ ಅಂದೆ. ಹಾಗಾದರೆ "ನಿಮ್ಮ ಕಬ್ಬಿಣದ ಹತ್ಯಾರ ಇಟ್ಟಿರ್ತೀರಿ, ಅದರ ತುಕ್ಕು ಹತ್ತೇತಿ" ಅಂದ. ಒದ್ದೆ ಕಬ್ಬಿಣ ಇಟ್ಟರೆ ಒಳ್ಳೆಯ ಸ್ಟೀಲಿನ ಮೇಲೂ ಕಲೆ ಬೀಳುತ್ತದೆ, ಒಪ್ಪುತ್ತೇನೆ. ಆದರೆ ನನ್ನ ಚುಕ್ಕಿಗಳು ಇದ್ದದ್ದು ಮೇಲಿನ ಅಂಚಿನ ಕೆಳಗೆ, ಒಳಮೂಲೆಯ ಕೀಲಿನಲ್ಲಿ. ಅಲ್ಲಿ ಯಾವ ಹತ್ಯಾರ ಇಡಲು ಸಾಧ್ಯ? ಇದನ್ನು ಕೇಳಿದ್ದಕ್ಕೆ ಎರಡು ದಿನ ಉತ್ತರ ಇಲ್ಲ. ಆಮೇಲೆ ಕೈ ಮುಗಿಯುವ ಚಿತ್ರ ಒಂದು ಬಂತು.

ಜುಲೈ ಕೊನೆಯ ವಾರ. ಮಳೆಗಾಲದಲ್ಲಿ ಶಾಡು ಮಣ್ಣು ಒಣಗುವುದು ನಿಧಾನ, ಅದಕ್ಕೆ ಗಣಪತಿಗಳನ್ನು ನೆಲದ ಮೇಲೆ ಹಲಗೆ ಹಾಕಿ ಫ್ಯಾನಿನ ಕೆಳಗೆ ಇಟ್ಟಿದ್ದೆ. ಬೆಳಗ್ಗೆ ಬಾಗಿಲು ತೆಗೆದರೆ ಶೆಡ್ ತುಂಬ ನೀರು. ನಲ್ಲಿಗೆ ಹೋಗುವ ಕನೆಕ್ಷನ್ ಪೈಪಿನ ನಟ್ ಒಡೆದಿತ್ತು. ಹಿತ್ತಾಳೆ ನಟ್ ಅಲ್ಲ, ಮೇಲೆ ಬಣ್ಣ ಹೊಡೆದ ಪ್ಲಾಸ್ಟಿಕ್ಕು. ಮೇಲಿನ 1,000 ಲೀಟರ್ ಟ್ಯಾಂಕು ರಾತ್ರಿಯಿಡೀ ಅಲ್ಲೇ ಖಾಲಿಯಾಗಿತ್ತು. ಸುಡದ ಮಣ್ಣು, ನೀರು ತಾಗಿದರೆ ಕರಗುತ್ತದೆ. ವಿಸರ್ಜನೆಯ ದಿನ ಬಕೆಟ್ಟಿನಲ್ಲಿ ಆಗಬೇಕಾದದ್ದು ಪೂಜೆಗೆ ಮೊದಲೇ ನನ್ನ ನೆಲದ ಮೇಲೆ ಆಗಿತ್ತು. ಒಂಬತ್ತು ಮೂರ್ತಿಗಳ ಪೀಠ, ಕಾಲು ಕರಗಿ ಮುಂದಕ್ಕೆ ಬಿದ್ದಿದ್ದವು. ನಾನು ಅಲ್ಲೇ ಕೂತು ಅತ್ತೆ. ಅದರಲ್ಲಿ ಒಂದು, ಮಗ ಹುಟ್ಟಿದ ಮೇಲೆ ಮೊದಲ ಸಲ ಮನೆಯಲ್ಲಿ ಕೂರಿಸುವವರದು. ಎರಡು ತಿಂಗಳ ಹಿಂದೆಯೇ ಹೇಳಿಟ್ಟಿದ್ದರು. ಅವರಿಗೆ ಏನು ಹೇಳಲಿ?

ಕಪಾಟಿನ ತಳ ಉಬ್ಬಿ ಅಂಚಿನ ಪಟ್ಟಿ ಬಿಚ್ಚಿಕೊಂಡಿತ್ತು. ಬೆರಳು ಹಾಕಿದರೆ ತೌಡಿನ ಹಾಗೆ ಉದುರಿತು. ಪಾರ್ಟಿಕಲ್ ಬೋರ್ಡು, ಅಂದರೆ ಮರದ ಪುಡಿ ಅಂಟಿಸಿ ಮಾಡಿದ ಹಲಗೆ. 710 ಇದ್ದದ್ದು ಬಾಗಿಲಿಗೆ ಮಾತ್ರ.

ವಿಡಿಯೋ ಮಾಡಿ ಕಳಿಸಿದೆ. ಅದಕ್ಕೆ ಬಂದ ಉತ್ತರ ಅಕ್ಷರಕ್ಕೆ ಅಕ್ಷರ ಇದು: "ನೀರಾಗ ನಿಂತ್ರ ಯಾವ ಕಟಿಗಿ ಆದ್ರೂ ಉಬ್ಬತೈತ್ರಿ ಅಕ್ಕಾರ. ನಾನು ನಿಮ್ಮ ಕಡೆಯಂವ, ನಿಮಗ ಮೋಸ ಮಾಡ್ತೀನೇನ್ರಿ? ಹಬ್ಬ ಆಗ್ಲಿ, ಬಂದು ನೋಡತೀನಿ." ಹಬ್ಬ ಇದ್ದದ್ದು ಆಗಸ್ಟ್ 27ಕ್ಕೆ. ಹಬ್ಬ ಆದಮೇಲೆ ನನಗೆ ಸಿಂಕು ಯಾಕೆ ಬೇಕು? ಹಾಗೇ ಬರೆದೆ. ಮರುದಿನದಿಂದ ನನ್ನ ನಂಬರ್ ಬ್ಲಾಕ್.

ಸ್ಟೀಲ್ ಫ್ಯಾಬ್ರಿಕೇಶನ್ ಮಾಡುವ ಒಬ್ಬ ಹಿರಿಯರನ್ನು ಮನೆಗೆ ಕರೆಸಿದೆ. ಅವರು ಸಿಂಕಿನ ಮೇಲೆ ಒಂದು ಹನಿ ದ್ರಾವಣ ಹಾಕಿ 9 ವೋಲ್ಟ್ ಬ್ಯಾಟರಿ ಮುಟ್ಟಿಸಿದರು. ಕೆಲವೇ ಸೆಕೆಂಡಿನಲ್ಲಿ ಹನಿ ಕೆಂಪಾಯಿತು. 304 ಆಗಿದ್ದರೆ ಹಾಗೆ ಕೆಂಪಾಗುವುದಿಲ್ಲ ಅಂದರು. ಕ್ಯಾಲಿಪರ್ ಹಿಡಿದು ದಪ್ಪ ನೋಡಿದರು: 0.8 ಮಿಲಿಮೀಟರ್. 18 ಗೇಜ್ ಅಂದರೆ ಸುಮಾರು 1.2 ಇರಬೇಕು. ನಾನು ಅಯಸ್ಕಾಂತದ ವಿಷಯ ಹೇಳಿದೆ. ಅವರು ಏನೂ ಅನ್ನಲಿಲ್ಲ, ತಲೆ ಮಾತ್ರ ಅಲ್ಲಾಡಿಸಿದರು. ಆ ಕ್ಷಣ ನಾಚಿಕೆಯಿಂದ ಯಜಮಾನರ ಮುಖ ನೋಡಲು ಆಗಲಿಲ್ಲ. ಹಳೆಯ ಸಿಂಕಿನ ಫೋಟೋ ತೋರಿಸಿದಾಗ ಮಾತ್ರ ಮಾತಾಡಿದರು. "ಇದರ ಮೂಲೆಗೆ ವೆಲ್ಡಿಂಗ್ ಹೊಡೆದಿದ್ದರೆ ಸಾಕಿತ್ತು. ಐನೂರು ರೂಪಾಯಿ ಕೆಲಸ."

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ ಕೇಳಿದರು. ನನ್ನ ಹತ್ತಿರ ಇರುವುದು ಆ ಚೀಟಿ, ಯುಪಿಐ ದಾಖಲೆ, ವಾಟ್ಸಾಪ್ ಮಾತು. ಇರುವುದನ್ನೆಲ್ಲ ಕೊಟ್ಟೆ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ.

ನೀವು ಮಾತ್ರ ಹೀಗೆ ಮಾಡಬೇಡಿ. 18 ಪರ್ಸೆಂಟ್ ಹೋದರೂ ಪರವಾಗಿಲ್ಲ, ಗ್ರೇಡ್ ಮತ್ತು ಗೇಜ್ ಬರೆದ ಬಿಲ್ ತಗೊಳ್ಳಿ. ಅಯಸ್ಕಾಂತ ತೋರಿಸಿದರೆ ಅಲ್ಲೇ ಕೆಲಸ ನಿಲ್ಲಿಸಿ. ಪ್ಲೈ ಬೇಕಾದರೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿಗೆ ನೀವೇ ಹೋಗಿ ಹಲಗೆ ತನ್ನಿ, ಮನೆಯಲ್ಲೇ ನಿಮ್ಮ ಕಣ್ಣೆದುರು ಕತ್ತರಿಸಲಿ. ಲ್ಯಾಮಿನೇಟ್ ಅಂಟಿಸಿ ತಂದ ಪೆಟ್ಟಿಗೆ ಬೇಡವೇ ಬೇಡ. ನಲ್ಲಿಯ ಪೈಪಿನ ನಟ್ಟನ್ನು ಉಗುರಿನಿಂದ ಕೆರೆದು ನೋಡಿ. ಅರ್ಧಕ್ಕಿಂತ ಜಾಸ್ತಿ ಮುಂಗಡ ಕೊಡಬೇಡಿ. ಕನ್ನಡ ಮಾತಾಡಿದರೆ ಮಾತಾಡಲಿ, ಚಹಾ ಕೊಡಿ, ಆಮೇಲೆ ಇನ್ನಿಬ್ಬರ ಹತ್ತಿರ ರೇಟ್ ಕೇಳಿ.

ಒಂಬತ್ತರಲ್ಲಿ ಆರು ಮೂರ್ತಿ ಮತ್ತೆ ಮಾಡಿಕೊಟ್ಟೆ, ರಾತ್ರಿ ಎರಡರವರೆಗೆ ಕೂತು. ಆ ಮಗುವಿನ ಮನೆಯ ಗಣಪತಿಯನ್ನು ಮೊದಲು ಮಾಡಿದೆ. ಮೂವರಿಗೆ ಕೊಡಲು ಆಗಲಿಲ್ಲ, ದುಡ್ಡು ವಾಪಸ್ ಕೊಟ್ಟೆ. ಈಗ ಶೆಡ್ಡಿನಲ್ಲಿ ಇಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಟಬ್ ಇದೆ, ಕೆಳಗೆ ಹಳೆಯ ಬಕೆಟ್ಟು. ಯಜಮಾನರು ಎರಡು ಭಾನುವಾರ ಜೂನಾ ಬಜಾರಿಗೆ ಹೋಗಿ ನಮ್ಮ ಸಿಂಕು ಎಲ್ಲಾದರೂ ಮಾರಾಟಕ್ಕೆ ಬಂದಿದೆಯಾ ಅಂತ ಹುಡುಕಿದರು. ಸಿಗಲಿಲ್ಲ. ಎಡಗಡೆ ಅಂಚಿನಲ್ಲಿ ಒಂದು ತಗ್ಗು ಇದೆ, ಒಳಮೂಲೆಯ ವೆಲ್ಡಿಂಗ್ ಬಿಟ್ಟಿದೆ. ಯಾರ ಕಣ್ಣಿಗಾದರೂ ಬಿದ್ದರೆ ದಯವಿಟ್ಟು ತಿಳಿಸಿ, ದುಡ್ಡು ಕೊಟ್ಟು ತಗೊಳ್ಳುತ್ತೇನೆ.