ಗ್ರೂಪ್ ಟಿಕೆಟ್ಟೋ, ಬಿಡಿ ಟಿಕೆಟ್ಟೋ?

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ 15 ವಿದ್ಯಾರ್ಥಿಗಳು, ಇಬ್ಬರು ಮೇಷ್ಟ್ರು ಆರು ವಾರದ ಕೋರ್ಸ್‌ಗೆ ಹೊರಟಿದ್ದಾರೆ ಅಂದುಕೊಳ್ಳಿ. ವಿಮಾನದ ಟಿಕೆಟ್ಟು ಎಲ್ಲರಿಗೂ ಸೇರಿಸಿ ಗ್ರೂಪ್ ಆಗಿ ಮಾಡಿಸಬೇಕೋ, ಒಬ್ಬೊಬ್ಬರಿಗೂ ಬಿಡಿಯಾಗಿ ಕೊಳ್ಳಬೇಕೋ?

ಗ್ರೂಪ್ ಅಂದರೆ ಅಗ್ಗ ಅಂತ ಸುಮ್ನೆ ನಂಬಬೇಡಿ. ಆಫರ್ ಇದ್ದಾಗ ಬಿಡಿ ಟಿಕೆಟ್ಟೇ ಕಮ್ಮಿಗೆ ಸಿಗಬಹುದು. ಆದರೆ ವೆಬ್‌ಸೈಟ್‌ಗಳು ಸಾಮಾನ್ಯವಾಗಿ ಒಂದು ಸಲಕ್ಕೆ 9 ಸೀಟಿಗಿಂತ ಜಾಸ್ತಿ ಕೊಡುವುದಿಲ್ಲ. ಅಗ್ಗದ ಸೀಟು ನಾಲ್ಕೇ ಉಳಿದಿದ್ದರೆ ಒಟ್ಟಿಗೆ ಹುಡುಕಿದ ಎಲ್ಲರಿಗೂ ದುಬಾರಿ ದರ ಬೀಳಬಹುದು.

ಗ್ರೂಪಿನ ನಿಜವಾದ ಲಾಭ ಹೆಸರಿನದು. ಸಾಮಾನ್ಯವಾಗಿ 10 ಜನರಿದ್ದರೆ ಮುಂಗಡ ಕೊಟ್ಟು ಸೀಟು ಹಿಡಿದಿಟ್ಟು, ಹೆಸರುಗಳನ್ನು ಆಮೇಲೆ ಕೊಡಬಹುದು. ಯಾರದ್ದಾದರೂ ಷೆಂಗೆನ್ ವೀಸಾ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ತಡವಾದರೆ ಇದೇ ಕಾಪಾಡುವುದು. ಬಿಡಿ ಟಿಕೆಟ್ಟನ್ನು ಸಾಮಾನ್ಯವಾಗಿ ಬೇರೆಯವರ ಹೆಸರಿಗೆ ಬದಲಿಸಲು ಆಗಲ್ಲ.

ಕೋರ್ಸ್ ಮುಗಿದ ಮೇಲೆ ಪ್ಯಾರಿಸ್ ಸುತ್ತಿ ಬರ್ತೀವಿ ಅನ್ನುವವರಿಗೆ ಬಿಡಿ ಟಿಕೆಟ್ಟೇ ಸರಿ. ಮೊದಲ ಸಲ ವಿಮಾನ ಹತ್ತುವವರೇ ಜಾಸ್ತಿ ಇದ್ದರೆ ಗ್ರೂಪ್ ಮಾಡಿಸಿ, ಮೇಷ್ಟ್ರಿಗೂ ತಲೆನೋವು ಕಮ್ಮಿ.